ಗೋಸುಂಬೆಗೆ ಎಣ್ಣೆ ಬೇಡ, ಒಂದು ಟಬ್ ಮರಳು ಕೊಡಿ

ಸಾಕಿದ ಗೋಸುಂಬೆ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದಂತೂ ಬಿಟ್ಟೂ ಬಿಡದೆ ಬರುತ್ತಲೇ ಇರುತ್ತದೆ. ಬರುವುದೂ ತಡವಾಗಿಯೇ. ನನಗೆ ಸಿಟ್ಟು ಬರುವುದು ಅದಕ್ಕೇ. ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ ಹೋಗುತ್ತದೆ. ಬಿಸಿಲಿನ ಬದಲಿಗೆ ಹಾಕುವ ಯುವಿಬಿ ದೀಪ, ಎಲೆಗಳ ಮೇಲೆ ನೀರು ಸಿಂಪಡಿಸುವುದು, ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಉದುರಿಸುವುದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬನ್ನಿ.

ಪ್ರಶ್ನೆ: ನನ್ನ ಹೆಣ್ಣು ಗೋಸುಂಬೆಗೆ ಎಂಟು ತಿಂಗಳು, ವೇಲ್ಡ್ ಅನ್ನುವ ಜಾತಿಯದು. ಮರಿಯಿಂದಲೂ ಒಂದೇ ಇದೆ, ಗಂಡಿನ ಮುಖವನ್ನೇ ನೋಡಿಲ್ಲ. ಈಗ ಹೊಟ್ಟೆ ಉಬ್ಬಿದೆ. ನಾಲ್ಕು ದಿನದಿಂದ ಹುಳ ತಿನ್ನುತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ಕೊಂಬೆ ಬಿಟ್ಟು ಕೇಜಿನ ತಳದಲ್ಲಿ ಓಡಾಡುತ್ತಾ ಮೂಲೆ ಕೆರೆಯುತ್ತಿದೆ. ಮಲಬದ್ಧತೆ ಇರಬಹುದು, ಎಣ್ಣೆ ಕುಡಿಸಿ ಹೊಟ್ಟೆ ನೀವಿ ಅಂತ ಮಾರಿದವರು ಹೇಳಿದರು. ಹಾಗೆ ಮಾಡಲಾ?

ಬೇಡ. ಎಣ್ಣೆ ಬಾಟಲಿಯನ್ನು ಮುಚ್ಚಿ ಒಳಗಿಡಿ.

ಅದರ ಹೊಟ್ಟೆಯಲ್ಲಿರುವುದು ಮೊಟ್ಟೆ. ಗಂಡಿಲ್ಲದೆ ಹೇಗೆ ಅಂತೀರಾ? ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡಲ್ವಾ, ಹಾಗೆಯೇ. ವೇಲ್ಡ್ ಹೆಣ್ಣು ಐದಾರು ತಿಂಗಳಿಗೇ ಬಲಿಯುತ್ತದೆ. ಆಮೇಲೆ ಗಂಡು ಇರಲಿ ಬಿಡಲಿ, ಮೊಟ್ಟೆ ಕಟ್ಟುವ ಸಾಧ್ಯತೆ ಇದ್ದೇ ಇರುತ್ತದೆ. ಮಾರಿದವರು ಇದನ್ನು ಹೇಳಿರಲ್ಲ. ಹೇಳಿದರೆ ಹೆಣ್ಣು ಮಾರಾಟವಾಗುವುದಿಲ್ಲವಲ್ಲ!

ಬಲವಂತವಾಗಿ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು, ಇಳಿದರೆ ನ್ಯುಮೋನಿಯಾ. ಹೊಟ್ಟೆ ನೀವುವುದಂತೂ ಅದಕ್ಕಿಂತ ಕೆಟ್ಟದ್ದು. ಒಳಗೆ ಒಂದು ಮೊಟ್ಟೆ ಒಡೆದರೂ ಸಾಕು, ಲೋಳೆ ಹೊಟ್ಟೆಯೊಳಗೆ ಹರಡಿ ಸೋಂಕಾಗುತ್ತದೆ. ಹಾಗೆ ಒಡೆದು ಬಂದದ್ದನ್ನು ಉಳಿಸಿಕೊಳ್ಳುವುದು ತುಂಬಾ ಕಷ್ಟ.

ಊಟ ಬಿಡುವುದು, ನೀರು ಜಾಸ್ತಿ ಕುಡಿಯುವುದು, ತಳಕ್ಕಿಳಿದು ಅಲೆಯುವುದು, ಮೂಲೆ ಕೆರೆಯುವುದು, ಇದರಲ್ಲಿ ಯಾವುದೂ ಕಾಯಿಲೆ ಅಲ್ಲ. ಅದು ಮಣ್ಣು ಹುಡುಕುತ್ತಿದೆ. ನಿಮ್ಮ ಕೇಜಿನ ತಳದಲ್ಲಿ ಪ್ಲಾಸ್ಟಿಕ್ ಟ್ರೇ ಬಿಟ್ಟು ಇನ್ನೇನೂ ಇಲ್ಲ ಅನ್ನುವುದು ನೀವು ಬರೆಯದಿದ್ದರೂ ನನಗೆ ಗೊತ್ತು. ತೋಡಲು ಜಾಗ ಸಿಗದ ಹೆಣ್ಣು ಮೊಟ್ಟೆಯನ್ನು ಒಳಗೇ ತಡೆದುಕೊಳ್ಳುತ್ತದೆ. ತಡೆದುಕೊಂಡೇ ಸಾಯುತ್ತದೆ.

ಇವತ್ತೇ ಒಂದು ಟಬ್ ಅಥವಾ ಬಕೆಟ್ ತನ್ನಿ. ಗಾಜಿನ ಹಾಗೆ ಆಚೆಗೆ ಕಾಣುವಂಥದ್ದು ಬೇಡ. ಅಗಲ ಸುಮಾರು 30 ಸೆಂಟಿಮೀಟರ್, ಎತ್ತರವೂ ಅಷ್ಟೇ ಇರಲಿ. ಅದರಲ್ಲಿ 20 ಸೆಂಟಿಮೀಟರಿನಷ್ಟು ತೊಳೆದ ನುಣುಪು ಮರಳು ತುಂಬಿ. ನೀರು ಹಾಕಿ ಕಲಸಿ, ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ನಿಲ್ಲಬೇಕು, ನೀರು ಸೋರಬಾರದು. ಆಮೇಲೆ ಬೆರಳಿನಿಂದ ಓರೆಯಾಗಿ ಒಂದು ಸುರಂಗ ಕೊರೆಯಿರಿ. ಗೋಡೆ ಕುಸಿಯಿತೋ, ಇನ್ನಷ್ಟು ನೀರು ಬೇಕು. ತಳದಲ್ಲಿ ಕೆಸರಾಯಿತೋ, ನೀರು ಜಾಸ್ತಿಯಾಗಿದೆ. ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಒಣ ಮರಳು ಸುರಿದು "ಇಟ್ಟಿದ್ದೇವೆ ಡಾಕ್ಟ್ರೇ, ಅದೇ ತೋಡ್ತಿಲ್ಲ" ಅಂತ ಬರುತ್ತಾರೆ. ಒಣ ಮರಳಿನಲ್ಲಿ ಸುರಂಗ ನಿಲ್ಲುತ್ತದಾ?

ಟಬ್ಬನ್ನು ಕೇಜಿನೊಳಗೆ ಇಡಿ. ಇಳಿಯಲು ಹತ್ತಲು ಒಂದು ಕೊಂಬೆ ಓರೆಯಾಗಿ ಇರಲಿ. ಆಮೇಲೆ ಕೇಜಿನ ಸುತ್ತ ಬಟ್ಟೆ ಕಟ್ಟಿ, ಮೇಲಿನ ದೀಪ ಮತ್ತು ಗಾಳಿಗೆ ಜಾಗ ಬಿಟ್ಟು, ನೀವು ಅಲ್ಲಿಂದ ಎದ್ದು ಹೋಗಿ.

ಇಲ್ಲೇ ಎಲ್ಲರೂ ಎಡವುವುದು. ನೋಡಬೇಕು ಅನ್ನಿಸುತ್ತದೆ, ಫೋಟೋ ಬೇಕು, ಪಕ್ಕದವರನ್ನು ಕರೆದು ತೋರಿಸಬೇಕು. ಹೆಣ್ಣು ಮೊದಲು ತಲೆ ತೂರಿಸಿ ಮುಂಗಾಲಿನಿಂದ ಅಗೆಯುತ್ತದೆ, ಹಿಂಗಾಲಿನಿಂದ ಮರಳು ಹೊರಗೆ ತಳ್ಳುತ್ತದೆ. ಸ್ವಲ್ಪ ಹೊತ್ತು ಕೆಲಸ, ಸ್ವಲ್ಪ ಹೊತ್ತು ದಣಿವಾರಿಕೆ. ಒಂದು ಗುಂಡಿ ಹಿಡಿಸದಿದ್ದರೆ ಇನ್ನೊಂದು ಶುರುಮಾಡುತ್ತದೆ. ಕೊನೆಗೆ ಟಬ್ಬಿನ ತಳ ಮುಟ್ಟುವವರೆಗೆ ಹೋಗಿ, ಒಳಗೇ ತಿರುಗಿ, ಮುಖ ಸುರಂಗದ ಬಾಯಿಯ ಕಡೆ ಮಾಡಿ ಕೂತು ಮೊಟ್ಟೆ ಇಡುತ್ತದೆ. ಆಮೇಲೆ ಗುಂಡಿ ಮುಚ್ಚಿ ಕಾಲಿನಿಂದ ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಇದೆಲ್ಲ ಒಂದು ದಿನದಲ್ಲಿ ಮುಗಿಯಬಹುದು, ಎರಡು ಮೂರು ದಿನವೂ ಹಿಡಿಯಬಹುದು. ರಾತ್ರಿ ಸುರಂಗದಲ್ಲೇ ಮಲಗಿದರೆ ಮಲಗಲಿ, "ಪಾಪ, ಚಳಿ" ಅಂತ ಎತ್ತಬೇಡಿ. ನಡುವೆ ನಿಮ್ಮ ಮುಖ ಕಂಡರೆ ಅರ್ಧಕ್ಕೇ ಬಿಟ್ಟು ಬರುತ್ತದೆ. ಬಿಟ್ಟು ಬಂದದ್ದು ಮತ್ತೆ ತೋಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನೋಡದೆ ಇರಲು ಆಗುವುದೇ ಇಲ್ಲ ಅನ್ನುವವರು ಒಂದು ಚಿಕ್ಕ ಕ್ಯಾಮೆರಾ ಒಳಗಿಟ್ಟು ಬೇರೆ ಕೋಣೆಯಲ್ಲಿ ಕೂತು ನೋಡಿ.

ಯಾವಾಗ ಹೆದರಬೇಕು ಅಂತ ಕೇಳಿ, ಅದು ಸರಿಯಾದ ಪ್ರಶ್ನೆ. ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದು, ಕಣ್ಣು ಗುಳಿ ಬೀಳುವುದು, ಹೊಟ್ಟೆ ತುಂಬಿರುವಾಗಲೇ ತೋಡುವುದನ್ನು ನಿಲ್ಲಿಸಿ ತಳದಲ್ಲಿ ಸುಮ್ನೆ ಬಿದ್ದಿರುವುದು, ತಿಣುಕುವುದು, ಹಿಂಭಾಗದಿಂದ ಮಾಂಸ ಹೊರಬಂದಿರುವುದು. ನಾನು ಮೊದಲು ನೋಡುವುದು ಹಿಡಿತವನ್ನು. ಚೆನ್ನಾಗಿರುವ ಗೋಸುಂಬೆ ನಿಮ್ಮ ಬೆರಳು ಹಿಡಿದರೆ ಉಗುರು ಚುಚ್ಚುತ್ತದೆ, ಒಂದೊಂದೇ ಕಾಲು ಬಿಡಿಸಬೇಕಾಗುತ್ತದೆ. ಮೊಟ್ಟೆ ಸಿಕ್ಕಿಕೊಂಡು ಸೋತದ್ದು ಅಂಗೈ ಮೇಲೆ ಹಾಗೇ ಬಿದ್ದಿರುತ್ತದೆ, ಬಾಲ ಕೂಡ ಸುತ್ತುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ, ಅಥವಾ ತೋಡಲು ಶುರುಮಾಡಿ ಮೂರು ದಿನವಾದರೂ ಮೊಟ್ಟೆ ಬರದಿದ್ದರೂ, ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಅವತ್ತೇ ಹೋಗಿ. ಅಂಥವರು ಯಾರು, ಎಲ್ಲಿದ್ದಾರೆ ಅಂತ ಈಗಲೇ ಪತ್ತೆ ಮಾಡಿಟ್ಟುಕೊಳ್ಳಿ. ಅವರು ಎಕ್ಸ್‌ರೇ ತೆಗೆಯುತ್ತಾರೆ, ಕ್ಯಾಲ್ಸಿಯಂ ಮತ್ತು ದ್ರವ ಕೊಡುತ್ತಾರೆ. ಬೇಕಿದ್ದರೆ ಗರ್ಭನಾಳ ಹಿಂಡಿ ಮೊಟ್ಟೆ ತಳ್ಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು, ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಆಕ್ಸಿಟೋಸಿನ್ ತಂದು ಮನೆಯಲ್ಲೇ ಚುಚ್ಚುವ ಬುದ್ಧಿವಂತರೂ ಇದ್ದಾರೆ. ಮೊಟ್ಟೆ ಅಡ್ಡ ಸಿಕ್ಕಿಕೊಂಡಿರುವಾಗ ಗರ್ಭನಾಳ ಹಿಂಡಿದರೆ ಅದು ಹರಿಯುತ್ತದೆ, ಅಷ್ಟೇ.

ಇನ್ನೊಂದು ಮಾತು. ಇದು ನಿಮಗೆ ಹಿಡಿಸಲಿಕ್ಕಿಲ್ಲ. ಮೊಟ್ಟೆ ಇಟ್ಟ ಹೆಣ್ಣು ಸೊರಗಿರುತ್ತದೆ, ಸೊಂಟದ ಮೂಳೆ ಎದ್ದು ಕಾಣುತ್ತದೆ. ಮೊದಲು ತುಂಬಾ ಹೊತ್ತು ನೀರು ಸಿಂಪಡಿಸಿ. ಒಂದು ವಾರ ಕ್ಯಾಲ್ಸಿಯಂ ಹಚ್ಚಿದ ಹುಳ ಚೆನ್ನಾಗಿ ಕೊಡಿ. ಚೇತರಿಸಿಕೊಂಡ ಮೇಲೆ ಕೈ ಬಿಗಿ ಹಿಡಿಯಿರಿ. ಬೆಳೆದ ಹೆಣ್ಣಿಗೆ ದಿನ ಬಿಟ್ಟು ದಿನ ಮೂರು ನಾಲ್ಕು ಹುಳ ಸಾಕು. ಮೈ ಕಾಯಿಸುವ ಕೊಂಬೆಯ ಮೇಲೆ 27 ಡಿಗ್ರಿ ಸೆಲ್ಸಿಯಸ್ ಸಾಕು. ಹೊಟ್ಟೆ ಬಿರಿಯ ತಿನ್ನಿಸಿ 32 ಡಿಗ್ರಿಯಲ್ಲಿ ಬೇಯಿಸಿದರೆ ಅರವತ್ತು ಎಪ್ಪತ್ತು ಮೊಟ್ಟೆ ಕಟ್ಟುತ್ತದೆ. ಹಿಡಿತದಲ್ಲಿ ಇಟ್ಟರೆ ಇಪ್ಪತ್ತು ಮೂವತ್ತರಲ್ಲಿ ಮುಗಿಯಬಹುದು, ಕೆಲವು ಸಲ ಇಡದೆಯೂ ಇರಬಹುದು. "ಹಸಿದ ಹಾಗೆ ನೋಡುತ್ತೆ" ಅನ್ನುತ್ತೀರಿ. ಗೋಸುಂಬೆ ಯಾವಾಗಲೂ ಹಾಗೇ ನೋಡುವುದು.

ಪ್ರಶ್ನೆ: ಗಂಡು ತಂದು ಜೊತೆಗೆ ಬಿಟ್ಟರೆ ಮೊಟ್ಟೆ ಸಲೀಸಾಗಿ ಬರುತ್ತಾ?

ಇಲ್ಲ. ಜಗಳ ಬರುತ್ತದೆ.

ಪ್ರಶ್ನೆ: ಗಂಡಿಲ್ಲದೆ ಇಟ್ಟ ಮೊಟ್ಟೆಗೆ ಕಾವು ಕೊಟ್ಟರೆ ಮರಿ ಆಗುತ್ತಾ?

ಆಗಲ್ಲ, ಎಸೆಯಿರಿ. ಆದರೆ ನಿಮ್ಮ ಕೈಗೆ ಬರುವ ಮೊದಲು ಗಂಡಿನ ಜೊತೆ ಇತ್ತಾ ಅಂತ ವಿಚಾರಿಸಿ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳಬಲ್ಲದು. ಇದ್ದಿದ್ದರೆ ತೇವದ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಪುಡಿ), ಸಿಕ್ಕಾಗ ಯಾವ ಮೈ ಮೇಲಿತ್ತೋ ಅದನ್ನೇ ಮೇಲೆ ಮಾಡಿ ಇಡಿ, ತಿರುಗಿಸಬೇಡಿ. ಸುಮಾರು 27 ಡಿಗ್ರಿಯಲ್ಲಿ ವೇಲ್ಡ್ ಮೊಟ್ಟೆ ಒಡೆಯಲು ಆರರಿಂದ ಒಂಬತ್ತು ತಿಂಗಳು ಬೇಕು.

ಪ್ರಶ್ನೆ: ಮೈ ಕಪ್ಪಗಾಗಿ ನೀಲಿ, ಹಳದಿ ಮಚ್ಚೆ ಎದ್ದಿವೆ. ಚರ್ಮರೋಗಕ್ಕೆ ಮುಲಾಮು ಹಚ್ಚಿದ್ದೇವೆ. ಕಡಿಮೆ ಆಗಿಲ್ಲ.

ಆಗಲ್ಲ. ಮೊಟ್ಟೆ ಹೊತ್ತ ವೇಲ್ಡ್ ಹೆಣ್ಣಿನ ಬಣ್ಣ ಅದು. ಮುಲಾಮು ಒರೆಸಿ, ಮೇಲಿನ ಉತ್ತರ ಓದಿ.

ಪ್ರಶ್ನೆ: ನಮ್ಮದು ಜಾಕ್ಸನ್ ಗೋಸುಂಬೆ. ಹೊಟ್ಟೆ ದಪ್ಪ ಇದೆ, ಮರಳಿನ ಟಬ್ ಇಟ್ಟರೂ ತಿರುಗಿ ನೋಡ್ತಿಲ್ಲ.

ಅದು ಮರಿ ಹಾಕುವ ಜಾತಿ. ಟಬ್ ತೆಗೆಯಿರಿ.

ಪ್ರಶ್ನೆ: ಮೊಟ್ಟೆಗೆ ಶಕ್ತಿ ಬೇಕಲ್ಲ, ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ದಿನಾ ಕೊಡಬಹುದಾ?

ಸಾದಾ ಕ್ಯಾಲ್ಸಿಯಂ ಪ್ರತಿ ಊಟಕ್ಕೂ ಇರಲಿ. ಡಿ3 ಇರುವುದು ತಿಂಗಳಿಗೆ ಎರಡು ಸಲ ಸಾಕು. ಜಾಸ್ತಿಯಾದ ಡಿ3 ಮೈಯಲ್ಲೇ ಉಳಿದು ಕಿಡ್ನಿ ಕೆಡಿಸುತ್ತದೆ.

ಪ್ರಶ್ನೆ: ನಲವತ್ತು ಮೊಟ್ಟೆ ಇಟ್ಟು ಈಗ ಹುಷಾರಾಗಿದೆ. ಟಬ್ ತುಂಬಾ ಜಾಗ ತಿನ್ನುತ್ತಿದೆ, ತೆಗೆದು ಮೇಲಿಡಲಾ?

ಬೇಡ. ವೇಲ್ಡ್ ಹೆಣ್ಣು ಮೂರು ನಾಲ್ಕು ತಿಂಗಳಿಗೇ ಮತ್ತೆ ಮೊಟ್ಟೆ ಕಟ್ಟಬಹುದು. ಹಳೆ ಮರಳು ಚೆಲ್ಲಿ ಹೊಸದು ತುಂಬಿ, ಅಲ್ಲೇ ಬಿಡಿ. ವಾರಕ್ಕೊಮ್ಮೆ ಬೆರಳು ಚುಚ್ಚಿ ತೇವ ಇದೆಯಾ ನೋಡುತ್ತಿರಿ.