ಸಿ.ಎ. ನಿವೇಶನದಲ್ಲಿ ಸಾವಿರ ಸಸಿ ನೆಡುವ ಯೋಜನೆಯ ಬಗ್ಗೆ

ಮಾನ್ಯರೇ, ಬೆಂಗಳೂರಿನ ತಮ್ಮ ಬಡಾವಣೆಯಲ್ಲಿ ಹದಿನೈದು ಗುಂಟೆಯ ಸಿ.ಎ. ನಿವೇಶನವೊಂದು ವರ್ಷಗಳಿಂದ ಖಾಲಿ ಬಿದ್ದಿದೆ ಎಂದೂ, ಜೂನ್ 5ರಂದು ಅಲ್ಲಿ ಒತ್ತೊತ್ತಾಗಿ ಗಿಡ ಬೆಳೆಸುವ ಮಿಯಾವಾಕಿ ಪದ್ಧತಿಯಲ್ಲಿ ಸಾವಿರ ಸಸಿ ನೆಟ್ಟು, ಪಕ್ಕದ ಉದ್ಯಾನದ ಅಂಚಿನಲ್ಲಿ ನಿವಾಸಿಗಳೇ ಸೇರಿ ತರಕಾರಿ ಬೆಳೆದು, ನಗರದ ಹವಾಮಾನ ಗುರಿಗೆ ಬಡಾವಣೆಯ ಪಾಲನ್ನು ಸಲ್ಲಿಸುವ ಆಲೋಚನೆ ಸಂಘದಲ್ಲಿದೆ ಎಂದೂ ಬರೆದಿದ್ದೀರಿ. ಇದಕ್ಕೆ ಕೈಹಾಕಲು ಇಷ್ಟು ಮನೆಯವರು ಒಪ್ಪಿರುವುದೇ ದೊಡ್ಡ ಸಂಗತಿ. ಆದರೆ ಯೋಜನೆಯಲ್ಲಿ ಮರಕ್ಕೂ ತರಕಾರಿಗೂ ಗೊತ್ತುಮಾಡಿರುವ ಜಾಗಗಳನ್ನು ಅದಲುಬದಲು ಮಾಡಬೇಕು ಮತ್ತು ಸಸಿಗಳ ಸಂಖ್ಯೆಯನ್ನು ನೀರಿನ ಲೆಕ್ಕದಿಂದ ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನೆಲದ ವಿಷಯ. ಸಿ.ಎ. ನಿವೇಶನವೆಂದರೆ ಶಾಲೆ, ಆಸ್ಪತ್ರೆ, ಸಮುದಾಯ ಭವನದಂತಹ ನಾಗರಿಕ ಸೌಲಭ್ಯಕ್ಕೆಂದು ಕಾದಿರಿಸಿದ ಜಾಗ. ಇಂದು ಖಾಲಿಯಿದ್ದರೂ ಮುಂದೊಂದು ದಿನ ಅದು ಯಾವುದಾದರೂ ಸಂಸ್ಥೆಗೆ ಗುತ್ತಿಗೆಯಾಗಿ ಹೋಗಬಹುದು. ಆಗ ಅಲ್ಲಿ ಎದ್ದಿರುವ ಎಳೆಯ ಮರಗಳೇ ಮೊದಲು ಬೀಳುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು ನಿಜ, ಆದರೆ ಕಟ್ಟಡಕ್ಕೆಂದೇ ಗೊತ್ತುಮಾಡಿದ ಜಾಗದಲ್ಲಿ ಅಂತಹ ಅನುಮತಿಯನ್ನು ತಡೆಯುವುದು ಕಷ್ಟ. ಉದ್ಯಾನದ ಸ್ಥಿತಿ ಬೇರೆ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅದನ್ನು ಅನ್ಯ ಬಳಕೆಯಿಂದ ಕಾಯುತ್ತದೆ. ಆದ್ದರಿಂದ ಅರವತ್ತು, ಎಂಬತ್ತು ವರ್ಷ ಬಾಳಬೇಕಾದ ಮರಗಳನ್ನು ಉದ್ಯಾನದ ಅಂಚಿಗೂ ರಸ್ತೆಬದಿಗೂ ಕೊಡಿ. ಮೂರು ತಿಂಗಳಲ್ಲಿ ಫಸಲು ಕೊಟ್ಟು ಮುಗಿಯುವ ತರಕಾರಿಯನ್ನು ಸಿ.ಎ. ನಿವೇಶನದಲ್ಲಿ ಇಟ್ಟುಕೊಳ್ಳಿ, ನಾಳೆ ಜಾಗ ಬಿಡಬೇಕಾಗಿ ಬಂದರೂ ಮಣ್ಣು, ಗೊಬ್ಬರ ಮತ್ತು ಬೇಲಿಯನ್ನು ಬೇರೆಡೆಗೆ ಸಾಗಿಸಬಹುದು. ಎರಡಕ್ಕೂ ಲಿಖಿತ ಅನುಮತಿ ಇರಲಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಹಳೆಯ ವಾರ್ಡ್ ಕಚೇರಿಯ ವಿಳಾಸಕ್ಕೆ ಅರ್ಜಿ ಬರೆಯುವ ಮೊದಲು ತಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂದು ಖಚಿತಪಡಿಸಿಕೊಳ್ಳಿ. ನಿವೇಶನ ಇನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಹೆಸರಿನಲ್ಲಿದ್ದರೆ ಅದರ ಅರ್ಜಿ ಅಲ್ಲಿಗೇ ಹೋಗಬೇಕು.

ಲಿಖಿತ ಅನುಮತಿಯ ಈ ಮಾತು ಖಾಸಗಿ ಖಾಲಿ ಸೈಟುಗಳಿಗೂ ಅನ್ವಯಿಸುತ್ತದೆ. ತರಕಾರಿ ಬೆಳೆಯಲು ಬಿಟ್ಟರೆ ಮುಂದೆ ಜಾಗ ಕೈತಪ್ಪೀತು ಎಂಬ ಅಂಜಿಕೆಯಿಂದಲೇ ಅನೇಕ ಮಾಲೀಕರು ಒಪ್ಪುವುದಿಲ್ಲ. ಖಾಸಗಿ ನೆಲದ ಮೇಲೆ ಹನ್ನೆರಡು ವರ್ಷಗಳ ಪ್ರತಿಕೂಲ ಸ್ವಾಧೀನದ ಹಕ್ಕು ಕೇಳಬೇಕಾದರೆ ಆ ಸ್ವಾಧೀನ ಮಾಲೀಕನ ಅನುಮತಿಯಿಲ್ಲದೆ ನಡೆದಿರಬೇಕು. ಹಾಗಾಗಿ ವರ್ಷವರ್ಷವೂ ನವೀಕರಿಸುವ ಒಂದು ಪುಟದ ಅನುಮತಿ ಪತ್ರವೇ ಮಾಲೀಕರಿಗೆ ರಕ್ಷಣೆ ಎಂಬುದನ್ನು ಅವರಿಗೆ ತಿಳಿಸಿ ಹೇಳಿ.

ಇನ್ನು ಹವಾಮಾನದ ಲೆಕ್ಕ. ಬಿಬಿಎಂಪಿ 2023ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಹವಾಮಾನ ಕ್ರಿಯಾ ಯೋಜನೆ 2050ರ ಹೊತ್ತಿಗೆ ನಗರವನ್ನು ಇಂಗಾಲ ತಟಸ್ಥವಾಗಿಸುವ ಗುರಿ ಇಟ್ಟುಕೊಂಡಿದೆ. ಅದಕ್ಕೆ ಮರದ ಕಾಂಡದಲ್ಲಿ ಸೇರುವ ಇಂಗಾಲದಿಂದ ಎಷ್ಟು ನೆರವಾಗುತ್ತದೆ ಎಂಬುದನ್ನು ಸಂಘದ ಸಭೆಯಲ್ಲಿ ಎಲ್ಲರೂ ಒಮ್ಮೆ ಲೆಕ್ಕಹಾಕಿ ನೋಡುವುದು ಒಳ್ಳೆಯದು. ಚೆನ್ನಾಗಿ ಬೆಳೆದ ಮರವೊಂದರ ಒಣತೂಕ ಅರ್ಧ ಟನ್ ಎಂದು ಹಿಡಿಯೋಣ. ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ 250 ಕಿಲೋ, ಇಂಗಾಲ, ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ತೂಕಕ್ಕೆ ಬದಲಿಸುವ 3.67ರಿಂದ ಗುಣಿಸಿದರೆ ಅದು ಗಾಳಿಯಿಂದ ಹೀರಿಕೊಂಡ ಸುಮಾರು 900 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಹೊರಬೀಳುತ್ತದೆ. ಹಾಗೆಂದರೆ ಇಷ್ಟು ಗಾತ್ರಕ್ಕೆ ಬರಲು ಹಲವು ವರ್ಷ ತೆಗೆದುಕೊಳ್ಳುವ ಒಂದು ಮರ ತೀರಿಸುವುದು ಸುಮಾರು 400 ಲೀಟರ್ ಪೆಟ್ರೋಲಿನ ಋಣವನ್ನು ಮಾತ್ರ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 6,000 ಕಿಲೋಮೀಟರ್ ಓಡುವಷ್ಟರಲ್ಲಿ ಅದು ಖರ್ಚಾಗಿರುತ್ತದೆ.

ಇದನ್ನು ನಿರಾಶೆ ಮೂಡಿಸಲೆಂದು ಹೇಳುತ್ತಿಲ್ಲ. ನಗರದಲ್ಲಿ ಮರದ ಬೆಲೆ ನೆರಳಿನಲ್ಲಿದೆ, ತಂಪಿನಲ್ಲಿದೆ, ಬಿದ್ದ ಮಳೆಯನ್ನು ನೆಲಕ್ಕೆ ಇಳಿಸುವುದರಲ್ಲಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರೂ ಇದ್ದ ತಂಡವೊಂದು ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೂ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿವರೆಗೂ ಕಡಿಮೆಯಿದ್ದುದು ಕಂಡುಬಂದಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವರಿಗೆ, ತಳ್ಳುಗಾಡಿಯವರಿಗೆ, ಪೌರಕಾರ್ಮಿಕರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಮುಚ್ಚಿದ ಆವರಣದೊಳಗೆ ಒತ್ತೊತ್ತಾಗಿ ಬೆಳೆದ ಸಾವಿರ ಸಸಿಗಳಿಗಿಂತ ಜನ ಓಡಾಡುವ ರಸ್ತೆಯ ಮೇಲೆ ಕೊಡೆಯಂತೆ ಹರಡಿದ ನಲವತ್ತು ಮರಗಳನ್ನು ನಾನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ಊರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಹಳೆಯ ಬಡಾವಣೆಗಳ ಬೀದಿಗಳಲ್ಲಿ ನಾವು ಇಂದಿಗೂ ಅನುಭವಿಸುತ್ತಿರುವ ತಂಪಿನಲ್ಲಿ ಆ ಕೆಲಸದ ದೊಡ್ಡ ಪಾಲಿದೆ.

ಮಿಯಾವಾಕಿ ಪದ್ಧತಿಯನ್ನು ನಾನು ತಳ್ಳಿಹಾಕುವುದಿಲ್ಲ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರು ರೂಪಿಸಿದ ಈ ಕ್ರಮದಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಸಸಿಗಳನ್ನು ನೆಡುತ್ತಾರೆ. ಅವು ಬೆಳಕಿಗಾಗಿ ಪೈಪೋಟಿಯಿಂದ ಬೇಗ ಮೇಲೇಳುತ್ತವೆ, ಮುಂದೆ ಅವುಗಳಲ್ಲಿ ಅನೇಕ ಸಾಯುತ್ತವೆ, ಮತ್ತು ಮೊದಲ ಎರಡು ಮೂರು ವರ್ಷ ನೀರು, ಕಳೆ ಕೀಳುವ ಕೆಲಸ ಬಿಡದೆ ನಡೆಯಬೇಕು. ಧೂಳು ತಡೆಯಲು, ಹಕ್ಕಿಗಳಿಗೆ ತಾಣವಾಗಲು ಉದ್ಯಾನದ ಒಂದು ಮೂಲೆಯಲ್ಲಿ ಅರ್ಧ ಗುಂಟೆ ಮಾಡಿ ನೋಡಿ. ಇಡೀ ಯೋಜನೆಯ ಭಾರವನ್ನು ಅದರ ಮೇಲೆ ಹೊರಿಸಬೇಡಿ.

ಈ ತೀರ್ಮಾನದ ಹಿಂದಿರುವುದು ಮುಖ್ಯವಾಗಿ ನೀರು. ಎಳೆಯ ಗಿಡವೊಂದಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ 20 ಲೀಟರಿನಂತೆ ಕೊಟ್ಟರೆ ನಲವತ್ತು ಗಿಡಗಳಿಗೆ ವಾರಕ್ಕೆ 1,600 ಲೀಟರ್ ಸಾಕು. ಸಾವಿರ ಸಸಿಗಳಿಗೆ ಒಂದು ಸಲಕ್ಕೆ ಐದೇ ಲೀಟರ್ ಎಂದರೂ ವಾರಕ್ಕೆ 10,000 ಲೀಟರ್ ಆಗುತ್ತದೆ. ತರಕಾರಿಯ ದಾಹ ಇನ್ನೂ ಹೆಚ್ಚು: ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಎಂದರೆ ಒಂದು ಗುಂಟೆಯ ಮಡಿಗಳು ವಾರಕ್ಕೆ ಸುಮಾರು 3,000 ಲೀಟರ್ ಕುಡಿಯುತ್ತವೆ. 2024ರ ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದನ್ನು ತಾವೂ ನೆನಪಿಟ್ಟಿರುತ್ತೀರಿ. ಅಂತಹ ಬೇಸಿಗೆ ಮತ್ತೆ ಬಂದಾಗಲೂ ಬದುಕಬಲ್ಲ ತೋಟವನ್ನು ಮಾತ್ರ ಈಗ ಆರಂಭಿಸಬೇಕು. ಹತ್ತಿರದ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ನೀರನ್ನು ಮರಗಳಿಗೆ ಧಾರಾಳವಾಗಿ ಬಳಸಿ, ಆದರೆ ಸೊಪ್ಪು, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದಕ್ಕೂ ಬಳಸಬೇಡಿ. ತರಕಾರಿಗೆ ಮಳೆನೀರು ಹಿಡಿಯಿರಿ. ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಮಳೆಯಾಗುವ ಬೆಂಗಳೂರಿನಲ್ಲಿ ಸಾವಿರ ಚದರ ಅಡಿ ತಾರಸಿಯಿಂದ 70,000 ಲೀಟರಿನಷ್ಟು ನೀರು ಸಿಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನು ತೊಟ್ಟಿಯಲ್ಲಿ ಹಿಡಿದರೂ ಅದು ಬೇಸಿಗೆಯ ಕೊನೆಯವರೆಗೆ ಬರುವುದಿಲ್ಲವಾದ್ದರಿಂದ, ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಮುಕ್ಕಾಲು ಪಾಲು ಮಡಿಗಳನ್ನು ಒಣ ಎಲೆ ಹೊದಿಸಿ ಬೀಳು ಬಿಡುವುದು ವಿವೇಕ.

ಜಾತಿಗಳ ಆಯ್ಕೆಯಲ್ಲಿ ಮೇಲಿನ ತಂತಿ, ಕೆಳಗಿನ ಕೊಳವೆ ಎರಡನ್ನೂ ನೋಡಬೇಕು. ವಿದ್ಯುತ್ ತಂತಿಯ ಕೆಳಗೆ ಪಾರಿಜಾತ, ಬಸವನಪಾದ, ಕರಿಬೇವು, ಬೆಟ್ಟದ ನೆಲ್ಲಿ. ತಂತಿಯಿಲ್ಲದ ಬದಿಗೆ ಹೊಂಗೆ, ಬೇವು, ಸಂಪಿಗೆ. ಉದ್ಯಾನದ ಒಳಗೆ ನೇರಳೆ, ಹಿಪ್ಪೆ, ಹೊಳೆಮತ್ತಿ. ನೇರಳೆಯನ್ನು ರಸ್ತೆಬದಿಯಲ್ಲಿ ಹಾಕಿದರೆ ಹಣ್ಣು ಬಿದ್ದು ದ್ವಿಚಕ್ರ ವಾಹನಗಳು ಜಾರುತ್ತವೆ. ಆಲ, ಅರಳಿ, ಅತ್ತಿಗಳು ಹಕ್ಕಿಗಳಿಗೆ ಅನ್ನದಾತರು, ಆದರೆ ಗೋಡೆ ಮತ್ತು ಚರಂಡಿಯಿಂದ ಬಹಳ ದೂರವಿರಬೇಕು. ಬೇಗ ಹಸಿರಾಗುತ್ತದೆಂದು ಕೆಲವರು ಸೂಚಿಸುವ ಕೋನೋಕಾರ್ಪಸ್ ಎಂಬ ವಿದೇಶಿ ಮರ ಬೇಡವೇ ಬೇಡ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಆಳೆತ್ತರದ, ಬೇರು ಸುತ್ತಿಕೊಳ್ಳದ ಸಸಿಗಳನ್ನೇ ಆರಿಸಿ. ಪ್ಲಾಸ್ಟಿಕ್ ಚೀಲದೊಳಗೆ ಸುರುಳಿ ಸುತ್ತಿದ ಬೇರುಗಳಿದ್ದರೆ ನೆಡುವ ಮೊದಲು ಕತ್ತರಿಸಿ ತೆಗೆಯಿರಿ. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ತೆಗೆದ ಮಣ್ಣಿಗೆ ಕಾಲುಭಾಗ ಗೊಬ್ಬರ ಮತ್ತು ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ, ಬುಡ ನೆಲಮಟ್ಟದಲ್ಲೇ ಇರುವಂತೆ ನೆಡಿ. ಜೂನ್ 5ಕ್ಕೆ ನೆಲ ಒಂದು ಅಡಿ ಆಳದವರೆಗೆ ತೇವವಾಗಿರದಿದ್ದರೆ ಕಾರ್ಯಕ್ರಮವನ್ನು ಮುಂದೂಡಿ, ಗಿಡಕ್ಕೆ ದಿನಾಂಕ ಮುಖ್ಯವಲ್ಲ. ಕಾಲುದಾರಿಯಲ್ಲಿ ನೆಟ್ಟ ಮರದ ಸುತ್ತ ಕನಿಷ್ಠ ಒಂದು ಮೀಟರ್ ಕಾಂಕ್ರೀಟ್ ಇರಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ವಿಷಯದಲ್ಲಿ ಹೇಳಿದ್ದು ಇಲ್ಲಿಯೂ ಪಾಲಿಸಬೇಕಾದ ಅಳತೆ.

ತರಕಾರಿಯ ಕಡೆಗೆ ಬಂದರೆ, ಮೊದಲು ನಿವೇಶನದ ನಾಲ್ಕು ಕಡೆ ಎರಡು ಅಡಿ ಅಗೆದು ನೋಡಿ. ಖಾಲಿ ನಿವೇಶನಗಳಲ್ಲಿ ಮೇಲೆ ಹುಲ್ಲು, ಕೆಳಗೆ ಕಟ್ಟಡದ ಅವಶೇಷ ಇರುವುದೇ ಹೆಚ್ಚು. ಹಾಗಿದ್ದರೆ ನೆಲ ಉಳುವ ಬದಲು ನಾಲ್ಕು ಅಡಿ ಅಗಲದ, ಒಂದು ಅಡಿ ಎತ್ತರದ ಮಡಿಗಳನ್ನು ಕಟ್ಟಿಕೊಳ್ಳಿ. ಕೆರೆಯ ಹೂಳು ಪುಕ್ಕಟೆ ಸಿಗುತ್ತದೆಂದು ತರಿಸಬೇಡಿ, ಕೊಳಚೆ ಸೇರಿದ ಕೆರೆಗಳ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಅಪಾಯವಿದೆ ಮತ್ತು ಸೊಪ್ಪುಗಳು ಅವನ್ನು ಹೀರಿಕೊಳ್ಳುತ್ತವೆ. ಆರಂಭಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟು ಒಳ್ಳೆಯದು, ಅದನ್ನು ಹಲವು ಬಾರಿ ಕೊಯ್ಯಬಹುದು. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಬೇಲಿಗೆ ಹೀರೆ, ಚಳಿಗೆ ಅವರೆ.

ಆದರೆ ಈ ತೋಟದಿಂದ ಹವಾಮಾನಕ್ಕೆ ಆಗುವ ಅತಿ ದೊಡ್ಡ ಉಪಕಾರ ಗೊಬ್ಬರದ ಗುಂಡಿಯಲ್ಲಿದೆ. ಕೋಲಾರದಿಂದ ಟೊಮೆಟೊ ತರುವ ಲಾರಿಯ ಹೊಗೆ ಉಳಿಯುವುದು ಸ್ವಲ್ಪವೇ. ಆದರೆ ಹಸಿಕಸ ಗುಡ್ಡೆಯಾಗಿ ಗಾಳಿಯಿಲ್ಲದೆ ಕೊಳೆತಾಗ ಹೊರಬರುವ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಮನೆಗೆ ದಿನಕ್ಕೆ ಅರ್ಧ ಕಿಲೋ ಎಂದರೂ ನೂರು ಮನೆಗಳಿಂದ ವರ್ಷಕ್ಕೆ 18 ಟನ್ ಹಸಿಕಸ. ಅದು ಮಿಟ್ಟಗಾನಹಳ್ಳಿಯಂತಹ ಊರುಗಳ ಪಕ್ಕದಲ್ಲಿ ಗುಡ್ಡೆಯಾಗುವ ಬದಲು ತಮ್ಮ ಮಡಿಗಳಿಗೆ ಗೊಬ್ಬರವಾಗಲಿ. ಒಂದು ಬುಟ್ಟಿ ಹಸಿಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ, ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ಮಗುಚಿ ಹಾಕಬೇಕು. ವಾಸನೆ ಬಂದರೆ ಎಲೆ ಕಡಿಮೆಯಾಗಿದೆ ಎಂದರ್ಥ. ಹೀಗೆ ರಸ್ತೆಯಲ್ಲಿ ಗುಡಿಸಿ ಸುಡುವ ಎಲೆಗೂ ಒಂದು ನೆಲೆ ಸಿಗುತ್ತದೆ. ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಸಂಘದವರೆಲ್ಲ ಒಮ್ಮೆ ಹೋಗಿ ಬನ್ನಿ.

ದುಡಿಮೆಯ ಹಂಚಿಕೆಯ ಬಗ್ಗೆ ಒಂದೇ ಮಾತು: ಪ್ರತಿ ಮರಕ್ಕೂ ಎದುರುಮನೆಯವರ ಹೆಸರು ಬರೆದುಕೊಳ್ಳಿ, ಮಡಿಗಳನ್ನು ಕುಟುಂಬಗಳಿಗೆ ಹಂಚಿ, ಗೊಬ್ಬರದ ಕೆಲಸಕ್ಕೆ ಮಾತ್ರ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿ. ಅದು ಸ್ವಯಂಸೇವೆಯ ಉತ್ಸಾಹದಿಂದ ವರ್ಷಪೂರ್ತಿ ನಡೆಯುವ ಕೆಲಸವಲ್ಲ.

ಉದ್ಯಾನದ ಅಂಚಿನ ಉದ್ದ, ತಂತಿಗಳು ಹಾದುಹೋಗುವ ಬದಿ ಮತ್ತು ಅಗೆದ ಗುಂಡಿಗಳ ಚಿತ್ರಗಳನ್ನು ಕಳುಹಿಸಿದರೆ ಯಾವ ಜಾಗಕ್ಕೆ ಯಾವ ಮರ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ ಕೊಡುತ್ತೇನೆ. ಗುಂಡಿ ತೋಡುವ ಕೆಲಸ ಮೇ ತಿಂಗಳ ಮೊದಲ ವಾರದೊಳಗೆ ಮುಗಿಯಲಿ.