ಕಾರವಾರದಿಂದ ದುಬೈಗೆ ಸೆಮಾಗ್ಲುಟೈಡ್ ಪೆನ್ನು ಒಯ್ಯೋದು ಹೇಗೆ?

ಕಳೆದ ಸಲ ಏರ್‌ಪೋರ್ಟಿನಲ್ಲಿ ನಿಮ್ಮ ಸೆಮಾಗ್ಲುಟೈಡ್ (ಮಧುಮೇಹಕ್ಕೂ ತೂಕ ಇಳಿಸಲೂ ಚುಚ್ಚಿಕೊಳ್ಳುವ ಔಷಧಿ) ಪೆನ್ನು ತಡೆದರು, ಈ ಸಲ ಅದನ್ನೂ ಬಿಪಿಸಿ-157 (ಗಾಯ ಬೇಗ ಮಾಯಲಿ ಅಂತ ಕೆಲವರು ಚುಚ್ಚಿಕೊಳ್ಳುವ ಪುಡಿ) ಶೀಶೆಯನ್ನೂ ಒಯ್ಯೋದು ಹೇಗೆ ಅಂತ ಕೇಳಿದ್ದೀರಿ. ತಡೆದದ್ದು ಬಹುಶಃ ಔಷಧಿಯ ಕಾರಣಕ್ಕಲ್ಲ, ಡಬ್ಬಿ ಬಿಸಾಕಿ ಚೀಟಿ ಇಲ್ಲದೆ ಬರೀ ಪೆನ್ನು ಇಟ್ಟಿದ್ದಕ್ಕೆ. ನಮ್ಮ ಅಮ್ಮನ ಇನ್ಸುಲಿನ್ ಪೆನ್ನನ್ನೂ ಒಮ್ಮೆ ಹೀಗೇ ನಿಲ್ಲಿಸಿದ್ದರು.

ಮೊದಲು ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಚೀಟಿ ಬರೆಸಿ. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಲಿ, ಔಷಧಿಯ ಮೂಲ ಹೆಸರು, ಡೋಸ್, ಸೂಜಿ ಬೇಕು ಅನ್ನೋದೂ ಇರಲಿ. ಬಿಲ್ಲು, ಡಬ್ಬಿ ಜೊತೆಗಿಡಿ. ಎಲ್ಲ ಕೈಚೀಲದಲ್ಲೇ, ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು, ಹಾಗಾದ ಪೆನ್ನು ಕರಗಿದರೂ ಬಳಸುವಂತಿಲ್ಲ. ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿ ಬೇಕು, ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಗೋವಾದ ದಾಬೋಳಿ ಏರ್‌ಪೋರ್ಟಿಗೆ ಹೋಗುವಾಗ ಟ್ಯಾಕ್ಸಿ ಡಿಕ್ಕಿಯಲ್ಲಂತೂ ಇಡಬೇಡಿ, ಬೆಂದೇ ಹೋಗುತ್ತದೆ. ಸ್ಕ್ಯಾನರಿಗೆ ಮುಂಚೆ ನೀವೇ ಹೇಳಿಬಿಡಿ. ಇರುವ ದಿನಕ್ಕೆ ಬೇಕಾದಷ್ಟೇ ಒಯ್ಯಿರಿ, ಗೆಳೆಯರಿಗೂ ಅಂತ ಜಾಸ್ತಿ ತುಂಬಿದರೆ ಕಸ್ಟಮ್ಸ್‌ನವರು ವ್ಯಾಪಾರ ಅಂದುಕೊಳ್ಳುತ್ತಾರೆ.

ಆ ಬಿಪಿಸಿ-157 ಪುಡಿ ಶೀಶೆ ಮನೆಯಲ್ಲೇ ಬಿಡಿ. ಅದು ಔಷಧಿ ಅಂತ ಮಂಜೂರಾದದ್ದಲ್ಲ, 'ಸಂಶೋಧನೆಗೆ ಮಾತ್ರ' ಅಂತ ಅದರ ಮೇಲೇ ಬರೆದಿದೆ ಅಂದಿರಿ ಅಲ್ವಾ? ಬಿಳಿ ಪುಡಿ ಏನಂತ ದುಬೈಯಲ್ಲಿ ವಿವರಿಸುತ್ತಾ ನಿಲ್ಲೋದು ಯಾರಿಗೆ ಬೇಕು! ಟೂರ್ನಮೆಂಟ್ ಆಡುವವರಾದರೆ ಅದಕ್ಕೆ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ) ನಿಷೇಧವೂ 2022ರಿಂದ ಇದೆ.

ಅಲ್ಲಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಕೆಲವು ವಾರ ಮೊದಲೇ ಯುಎಇ ಸರ್ಕಾರದ ಅಧಿಕೃತ ವೆಬ್‌ಸೈಟ್ ಒಮ್ಮೆ ನೋಡಿ.