ಎಫ್‌ಪಿಜಿಎ ಚಿಪ್‌ಗೆ ಒಂದೇ 3.3 ವೋಲ್ಟ್ ಸಾಲದೇ?

ತೀರ್ಥಹಳ್ಳಿಯಲ್ಲಿ ಅಡಿಕೆ ವಿಂಗಡಿಸುವ ಕ್ಯಾಮೆರಾ ಯಂತ್ರಕ್ಕೆಂದು ಆರ್ಟಿಕ್ಸ್-7 ಎಂಬ ಎಫ್‌ಪಿಜಿಎ (ಒಳಗಿನ ಲಾಜಿಕ್ಕನ್ನು ನಮಗೆ ಬೇಕಾದಂತೆ ರೂಪಿಸಿಕೊಳ್ಳಬಹುದಾದ) ಚಿಪ್‌ನ ಬೋರ್ಡ್ ವಿನ್ಯಾಸ ಮಾಡುತ್ತಿರುವ ತಾವು, 5 ವೋಲ್ಟ್ ಅಡಾಪ್ಟರಿನಿಂದ 3.3 ವೋಲ್ಟ್ ಪಡೆದು ಅದನ್ನೇ ಎಲ್ಲ ಪವರ್ ಪಿನ್ನುಗಳಿಗೂ ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೊಡಬಾರದು. ಲಾಜಿಕ್ ಭಾಗಕ್ಕೆ ಬೇಕಾದ ವಿಸಿಸಿ-ಇಂಟ್ ಎಂಬ ಪೂರೈಕೆ ಸಾಮಾನ್ಯ ಆವೃತ್ತಿಗಳಲ್ಲಿ 1.0 ವೋಲ್ಟ್; ಅದು 1.1 ವೋಲ್ಟ್ ಮೀರಿದರೆ ಚಿಪ್ ಕೆಡುವ ಸಂಭವವಿದೆ.

ಇಷ್ಟು ಕಡಿಮೆ ಏಕೆಂದರೆ, 28 ನ್ಯಾನೋಮೀಟರ್ ತಂತ್ರಜ್ಞಾನದ ಟ್ರಾನ್ಸಿಸ್ಟರುಗಳ ಗೇಟ್ ಪದರ ಬಹಳ ತೆಳುವಾದದ್ದು. ಅಲ್ಲದೆ ಸ್ವಿಚಿಂಗ್‌ನಲ್ಲಿ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 3.3ರಲ್ಲಿ ನಡೆಯುವ ಕೆಲಸವನ್ನು 1.0ರಲ್ಲಿ ನಡೆಸಿದರೆ ಖರ್ಚು ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶರಾವತಿಯ ವಿದ್ಯುತ್ತನ್ನು ದೂರ ಸಾಗಿಸುವಾಗ ನಷ್ಟ ತಗ್ಗಿಸಲು ವೋಲ್ಟೇಜ್ ಏರಿಸುತ್ತಾರೆ. ಚಿಪ್‌ನೊಳಗೆ ಲೆಕ್ಕ ಇದಕ್ಕೆ ತದ್ವಿರುದ್ಧ. ಚಿಪ್‌ನೊಳಗಿನ ಮೆಮೊರಿಯಾದ ಬ್ಲಾಕ್ ರ್‍ಯಾಮ್‌ಗೂ 1.0 ವೋಲ್ಟ್ ಬೇಕಾಗಿರುವುದರಿಂದ ಅದನ್ನು ವಿಸಿಸಿ-ಇಂಟ್ ಜೊತೆಗೇ ಸೇರಿಸಬಹುದು. ಸಹಾಯಕ ಪೂರೈಕೆಯಾದ ವಿಸಿಸಿ-ಆಕ್ಸ್ 1.8 ವೋಲ್ಟ್.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸಂಕೇತದ ಪಿನ್ನುಗಳಿಗೆ ವಿದ್ಯುತ್ ಕೊಡುವ ವಿಸಿಸಿ-ಓ ಬಗ್ಗೆ. ಈ ಪಿನ್ನುಗಳು ಬ್ಯಾಂಕ್ ಎಂಬ ಗುಂಪುಗಳಾಗಿ ವಿಂಗಡವಾಗಿದ್ದು, ಪ್ರತಿ ಬ್ಯಾಂಕ್‌ಗೂ 1.2ರಿಂದ 3.3ರವರೆಗೆ ಪ್ರತ್ಯೇಕ ವೋಲ್ಟೇಜ್ ಕೊಡಬಹುದು, ಆದರೆ ಒಂದು ಬ್ಯಾಂಕ್‌ಗೆ ಒಂದೇ. ಡಿಡಿಆರ್3ಎಲ್ ಮೆಮೊರಿ 1.35 ಕೇಳುತ್ತದೆ, ಎಲ್‌ವಿಡಿಎಸ್ (ಜೋಡಿ ತಂತಿಗಳಲ್ಲಿ ವೇಗದ ಸಂಕೇತ ಸಾಗಿಸುವ ವಿಧಾನ) ಔಟ್‌ಪುಟ್‌ಗೆ 2.5 ಬೇಕು, ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ 3.3ರಲ್ಲಿ ನಡೆಯುತ್ತದೆ, ಆದ್ದರಿಂದ ಪಿನ್ ಹಂಚಿಕೆಯನ್ನು ಕಾಗದದ ಮೇಲೆ ಮುಗಿಸದೆ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ತೆರೆಯಬೇಡಿ ಎಂದೇ ನಾನು ಹೇಳುವುದು. ಸೊನ್ನೆಯ ಬ್ಯಾಂಕ್ ಕಾನ್ಫಿಗರೇಷನ್ನಿನದು (ಚಿಪ್‌ಗೆ ವಿನ್ಯಾಸ ತುಂಬುವುದಕ್ಕೆ), ಅದಕ್ಕೆ 2.5 ಅಥವಾ 3.3 ಕೊಟ್ಟರೆ ಆ ವೋಲ್ಟೇಜ್ ಮಟ್ಟವನ್ನು ಚಿಪ್‌ಗೆ ತಿಳಿಸುವ ಸಿಎಫ್‌ಜಿಬಿವಿಎಸ್ ಪಿನ್ನನ್ನು ಅದೇ ವಿಸಿಸಿ-ಓಗೆ, 1.8 ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಗ್ರೌಂಡಿಗೆ ಜೋಡಿಸಬೇಕು. 5 ವೋಲ್ಟಿನ ಸಂವೇದಕಗಳನ್ನಂತೂ ಯಾವ ಪಿನ್ನಿಗೂ ನೇರವಾಗಿ ಜೋಡಿಸಬೇಡಿ, ನಡುವೆ ಸಂಕೇತದ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಇರಲಿ.

5ರಿಂದ 1.0ಕ್ಕೆ ಇಳಿಸಲು ಲೀನಿಯರ್ ರೆಗ್ಯುಲೇಟರ್ ಹಾಕಿದರೆ 1 ಆಂಪಿಯರ್ ಹರಿವಿಗೆ 4 ವ್ಯಾಟ್ ಬರೀ ಶಾಖವಾಗಿ ಹೋಗುತ್ತದೆ, ಹಾಗಾಗಿ ಸ್ವಿಚಿಂಗ್ ಮೂಲಕ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರೇ ಸರಿ.

ಪೂರೈಕೆಗಳು ವಿಸಿಸಿ-ಇಂಟ್, ಬ್ಲಾಕ್ ರ್‍ಯಾಮ್, ವಿಸಿಸಿ-ಆಕ್ಸ್, ವಿಸಿಸಿ-ಓ ಎಂಬ ಕ್ರಮದಲ್ಲಿ ಏರಿ, ಹಿಮ್ಮುಖ ಕ್ರಮದಲ್ಲಿ ಇಳಿಯಬೇಕೆಂಬುದು ತಯಾರಕರ ಶಿಫಾರಸು. 3.3 ವೋಲ್ಟಿನ ಬ್ಯಾಂಕ್ ಇದ್ದರೆ ಇದನ್ನು ಕಡೆಗಣಿಸುವಂತಿಲ್ಲ: ವಿಸಿಸಿ-ಓ ಮತ್ತು ವಿಸಿಸಿ-ಆಕ್ಸ್ ನಡುವಿನ ಅಂತರ 2.625 ವೋಲ್ಟ್ ಮೀರಿದ ಸ್ಥಿತಿ ಡೇಟಾಶೀಟ್‌ನಲ್ಲಿ ಹೇಳಿರುವ ಅವಧಿಗಿಂತ ಹೆಚ್ಚು ಹೊತ್ತು ಉಳಿಯಬಾರದು. ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟು ಹೋಗಿ ಮರುಕ್ಷಣವೇ ಬರುವುದು ಮಾಮೂಲು. ಆಗ ಒಂದು ಪೂರೈಕೆ ಪೂರ್ತಿ ಇಳಿಯುವ ಮುನ್ನವೇ ಇನ್ನೊಂದು ಏರತೊಡಗುತ್ತದೆ. ಆದುದರಿಂದ ಪ್ರತಿ ರೆಗ್ಯುಲೇಟರಿನ ಪವರ್-ಗುಡ್ (ವೋಲ್ಟೇಜ್ ಸರಿಯಾಗಿದೆ ಎಂಬ) ಸಂಕೇತವನ್ನು ಮುಂದಿನದನ್ನು ಚಾಲೂ ಮಾಡುವ ಎನೇಬಲ್ ಪಿನ್ನಿಗೆ ಕೊಡಿ. ಇಳಿಯುವ ಕ್ರಮವನ್ನೂ ಕಾಯಬೇಕಿದ್ದರೆ ಸೀಕ್ವೆನ್ಸರ್ ಚಿಪ್ ಬಳಸಿ.

ಇಷ್ಟೆಲ್ಲ ಬೇಡವೆನಿಸಿದರೆ, ಒಳಗೇ ರೆಗ್ಯುಲೇಟರ್ ಇರುವ, 3.3 ವೋಲ್ಟ್ ಒಂದರಲ್ಲೇ ನಡೆಯುವ ಮ್ಯಾಕ್ಸ್ 10 ಸರಣಿಯ ಏಕ-ಪೂರೈಕೆ ಚಿಪ್‌ಗಳಿವೆ, ಆದರೆ ಅವುಗಳಲ್ಲಿ ತಮ್ಮ ಚಿತ್ರ ಸಂಸ್ಕರಣೆಗೆ ಸಾಕಷ್ಟು ಲಾಜಿಕ್ ಮತ್ತು ಮೆಮೊರಿ ಸಿಗುತ್ತದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಿ.